‘ಇಂದಿರಾಬಾಯಿ’ಯೂ ನಮ್ಮ ವಿಮರ್ಶೆಯೂ

1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ನಾವೆಲ್ಲ ಪಾಠ ಹೇಳಿದವರೇ. ‘ಮೊದಲ’ ಎಂಬ ಆ ವಿಶೇಷಣ ಕೃತಿಗೆ ಮಾನವನ್ನು ತಂದಿತು, ಓದುಗರನ್ನು ತರಲಿಲ್ಲ. ಸಾಹಿತ್ಯಚರಿತ್ರೆಕಾರರು ಅದಕ್ಕೆ ನಾಲ್ಕು ಸಾಲು ಸಲ್ಲಿಸಿ ಕಾರಂತರ ಕಡೆಗೆ ನಡೆದರು. ನಾಟಕದಲ್ಲಿಯೂ ಹೀಗೆಯೇ: ಸೂರಿ ವೆಂಕಟರಮಣ ಶಾಸ್ತ್ರಿಗಳು ಕನ್ಯಾವಿಕ್ರಯವನ್ನು ಗೇಲಿಮಾಡಿದ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ 1887ರದು, ಅದನ್ನು ಓದಿದವರೆಷ್ಟು ಮಂದಿ?

ವೆಂಕಟರಾಯರು ಪೋಲೀಸು ಅಧಿಕಾರಿ. ಲಂಚದ ದಾರಿಗಳನ್ನು ಬಲ್ಲವರು. ಬಾಲವಿಧವೆ ಇಂದಿರೆ ಹೆತ್ತವರ ಮನೆಗೆ ಮುತ್ತಿದ ಕಪಟ ಸಂತರಿಂದ ಪಾರಾಗಿ, ಅಮೃತರಾಯರ ಆಶ್ರಯದಲ್ಲಿ ವಿದ್ಯೆ ಕಲಿತು, ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರರಾಯನನ್ನು ವರಿಸುತ್ತಾಳೆ. ಸಂವಿಧಾನ ಸಡಿಲ, ಉಪದೇಶ ಅತಿ, ಒಪ್ಪತಕ್ಕದ್ದೇ. ಆದರೆ ಆಂಗ್ಲ ಅಧಿಕಾರಿ ಕೌಚ್‌ಮನ್ 1903ರಲ್ಲಿಯೇ ಇದನ್ನು ಇಂಗ್ಲಿಷಿಗೆ ತಿರುಗಿಸಿದ್ದೇಕೆ? ಆಳುವವರಿಗೆ ಇದರಲ್ಲಿ ತಮ್ಮ ವಿದ್ಯಾಭ್ಯಾಸದ ಫಲವೇ ಕಂಡಿರಬೇಕು.

ಶಿವರಾಮ ಪಡಿಕ್ಕಲರ ‘ನಾಡು-ನುಡಿಯ ರೂಪಕ’ (2001) ಪ್ರಶ್ನೆಯನ್ನೇ ಬದಲಿಸಿತು. ಯಾವುದು ಮೊದಲೆಂಬುದು ಹಿಂದೆ ಸರಿಯಿತು. ರಾಷ್ಟ್ರ, ಆಧುನಿಕತೆ ಎಂಬ ಕಲ್ಪನೆಗಳು ಈ ಕಥೆಗಳೊಳಗೆ ಹೇಗೆ ಮೈತಳೆದವು ಎಂಬುದು ಮುಂದೆ ಬಂದಿತು. ನನ್ನ ಮಟ್ಟಿಗೆ, ಕಾದಂಬರಿಯ ದೋಷಗಳೂ ಆಗಲೇ ಅರ್ಥವುಳ್ಳವಾದವು. 2019ರಲ್ಲಿ ವನಮಾಲಾ ವಿಶ್ವನಾಥರೊಡನೆ ಅವರು ಮಾಡಿದ ಹೊಸ ಇಂಗ್ಲಿಷ್ ಅನುವಾದವೂ ಬಂದಿತು.

ಒಂದು ಕೆಲಸ ಇನ್ನೂ ಆಗಬೇಕಾಗಿದೆ. ಗುಲ್ವಾಡಿಯವರ ಮನೆಮಾತು ಕೊಂಕಣಿ. ಅವರ ಕನ್ನಡ ಗದ್ಯದ ಒಳಗೆ ಆ ಮಾತಿನ ಮಿಡಿತವೆಷ್ಟು? ವಿಶ್ವ ಕೊಂಕಣಿ ಕೇಂದ್ರವಿರುವ ನಮ್ಮ ಶಕ್ತಿನಗರದಲ್ಲಿಯೇ ಕನ್ನಡ ವಿದ್ಯಾರ್ಥಿಯೊಬ್ಬ ಕುಳಿತು, ಸಾಲುಸಾಲಾಗಿ ಓದಿ ಹೇಳಬಹುದಾದ ಸಂಗತಿಯಿದು.