ವಾದಿಸುವಂತಿಲ್ಲದ ಮೇಷ್ಟ್ರು

'ಕ್ಲಿನಿಕ್' ಎಂದರೆ ನಮಗೆ ಮೊದಲು ನೆನಪಾಗುವುದು ಡಾಕ್ಟರು. ಕಾನೂನು ಕಾಲೇಜಿನಲ್ಲಿ 'ಕಾನೂನು ನೆರವು ಕ್ಲಿನಿಕ್' ಎಂಬ ಫಲಕ ಕಂಡವರಿಗೆ ಅಚ್ಚರಿಯಾಗುವುದು ಸಹಜ. ಆದರೆ ಈ ಪದ ಬಂದಿರುವುದು ಆಸ್ಪತ್ರೆಯಿಂದಲೇ. ಬಡವರಿಗೆ ಕಾನೂನು ನೆರವು ಸಿಕ್ಕ ಚರಿತ್ರೆ ನನ್ನ ಪಿಎಚ್‌.ಡಿ. ವಿಷಯ. ಈ ಪದದ ಜಾಡು ಹಿಡಿದು ಹೋದಷ್ಟೂ, ನಮ್ಮಲ್ಲಿಗೆ ಬರುವಾಗ ಅದು ಮುಖ್ಯವಾದದ್ದೊಂದನ್ನು ದಾರಿಯಲ್ಲೇ ಬಿಟ್ಟುಬಂದಿದೆ ಅನಿಸುತ್ತದೆ.

1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಲ್ಯಾಂಗ್‌ಡೆಲ್, ತೀರ್ಪುಗಳನ್ನು ಓದಿ ಚರ್ಚಿಸುವ ಬೋಧನಾಕ್ರಮವನ್ನು ಬೆಳೆಸಿದರು. 1933ರಲ್ಲಿ ಜೆರೋಮ್ ಫ್ರಾಂಕ್ ಅದನ್ನು ಕಟುವಾಗಿ ಟೀಕಿಸಿದರು. ವೈದ್ಯ ವಿದ್ಯಾರ್ಥಿ ರೋಗಿಯನ್ನು ನೋಡಿ ಕಲಿಯುವ ಹಾಗೆ ಕಾನೂನು ವಿದ್ಯಾರ್ಥಿಯೂ ಕಕ್ಷಿದಾರರ ಕಷ್ಟ ಕೇಳಿ ಕಲಿಯಬೇಕು ಎಂಬುದು ಅವರ ವಾದವಾಗಿತ್ತು. 1969ರಲ್ಲಿ ಅಮೆರಿಕದ ವಕೀಲರ ಸಂಘ ಒಂದು ಮಾದರಿ ನಿಯಮ ರೂಪಿಸಿತು. ಅದರ ಪ್ರಕಾರ ಹಿರಿಯ ವಿದ್ಯಾರ್ಥಿಗಳು ವಕೀಲರ ಮೇಲ್ವಿಚಾರಣೆಯಲ್ಲಿ ಬಡವರ ಪರವಾಗಿ ನ್ಯಾಯಾಲಯಕ್ಕೆ ಹಾಜರಾಗಬಹುದಿತ್ತು.

ಭಾರತದಲ್ಲಿ ಈ ಆಲೋಚನೆಗೆ ಬಲ ಬಂದದ್ದು ಬಡತನದ ಪ್ರಶ್ನೆಯಿಂದ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಮಿತಿ 1973ರ ವರದಿಯಲ್ಲಿ ಕಾನೂನು ನೆರವಿನ ಕೆಲಸಕ್ಕೆ ಕಾನೂನು ಶಾಲೆಗಳನ್ನೂ ಸೇರಿಸಿಕೊಳ್ಳಬೇಕು ಎಂದಿತು. 1976ರ ತಿದ್ದುಪಡಿಯಿಂದ ಉಚಿತ ಕಾನೂನು ನೆರವಿನ 39ಎ ವಿಧಿ ಸಂವಿಧಾನಕ್ಕೆ ಬಂತು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮೊದಲ ತರಗತಿಗಳು ಶುರುವಾದಾಗ ಅದರ ಸ್ಥಾಪಕ ನಿರ್ದೇಶಕ ಎನ್.ಆರ್. ಮಾಧವ ಮೆನನ್ ಪ್ರಾಯೋಗಿಕ ಕಲಿಕೆಗೆ ದೊಡ್ಡ ಜಾಗ ಕೊಟ್ಟರು. 1997ರಲ್ಲಿ ಭಾರತೀಯ ವಕೀಲರ ಪರಿಷತ್ತು ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯ ಮಾಡಿತು. 2008ರ ನಿಯಮಗಳು ಪ್ರತಿ ಕಾಲೇಜಿನಲ್ಲೂ ಕಾನೂನು ನೆರವು ಕ್ಲಿನಿಕ್ ಇರಲೇಬೇಕೆಂದವು.

ಇಷ್ಟೆಲ್ಲ ಆದರೂ ಗಂಟು ಬಿಚ್ಚಲಿಲ್ಲ. 1961ರ ವಕೀಲರ ಕಾಯ್ದೆಯಂತೆ ವಕೀಲಿ ನಡೆಸುವ ಹಕ್ಕು ನೋಂದಾಯಿತ ವಕೀಲರಿಗೆ ಮಾತ್ರ. ಹಾಗಾಗಿ ವಿದ್ಯಾರ್ಥಿ ವಾದಿಸುವಂತಿಲ್ಲ. ಕಲಿಸುವ ಮೇಷ್ಟ್ರಾದರೂ ವಾದಿಸಬಹುದೇ ಎಂದರೆ, ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡಬಾರದೆಂದು ಪರಿಷತ್ತಿನ ನಿಯಮವಿದೆ. ತಮಾಷೆಯೆಂದರೆ, 1979ರ ನಿಯಮದ ಪ್ರಕಾರ ವಕೀಲರು ದಿನಕ್ಕೆ 3 ಗಂಟೆ ಮೀರದಂತೆ ಪಾಠ ಮಾಡಬಹುದು. ಕೋರ್ಟಿನಿಂದ ತರಗತಿಗೆ ಬರಲು ದಾರಿಯಿದೆ, ತರಗತಿಯಿಂದ ಕೋರ್ಟಿಗೆ ಹೋಗಲು ಇಲ್ಲ. ಮೇಷ್ಟ್ರು ರೋಗಿಯನ್ನು ಮುಟ್ಟಬಾರದು ಎಂದಿದ್ದರೆ ವೈದ್ಯ ಕಾಲೇಜು ಹೇಗಿರುತ್ತಿತ್ತು?

ಮುಚ್ಚಿದ ಈ ಬಾಗಿಲಿಗೆ ಇಬ್ಬರು ಕಾನೂನು ಮೇಷ್ಟ್ರುಗಳು ಬೇರೆ ಬಗೆಯಲ್ಲಿ ಕೈ ಹಾಕಿದ್ದುಂಟು. ಆಗ್ರಾದ ರಕ್ಷಣಾ ಗೃಹದಲ್ಲಿದ್ದ ಹೆಣ್ಣುಮಕ್ಕಳ ದುಃಸ್ಥಿತಿಯ ಬಗ್ಗೆ ಉಪೇಂದ್ರ ಬಕ್ಷಿ ಮತ್ತು ಲತಿಕಾ ಸರ್ಕಾರ್ 1981ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿತು. ಆದರೆ ಅಂಥ ಪತ್ರಗಳು ದಿನನಿತ್ಯದ ವ್ಯವಸ್ಥೆಯಾಗಲಾರವು. ಜೀವನಾಂಶಕ್ಕಾಗಿ ಅಲೆಯುವ ಹೆಂಗಸಿಗೆ ಬೇಕಾದದ್ದು ಪ್ರತಿ ವಾಯಿದೆಗೂ ಜೊತೆಗೆ ಬರುವ ಒಬ್ಬರು.

ನಾನು ನೋಡಿದ ಕ್ಲಿನಿಕ್‌ಗಳಲ್ಲಿ ವಿದ್ಯಾರ್ಥಿಗಳು ಪಿಂಚಣಿ, ಪಡಿತರ ಚೀಟಿಯ ಅರ್ಜಿ ಬರೆದುಕೊಡುತ್ತಾರೆ, ಹಳ್ಳಿಗಳಲ್ಲಿ ಅರಿವು ಶಿಬಿರ ನಡೆಸುತ್ತಾರೆ. ಇದು ಸಣ್ಣ ಕೆಲಸವಲ್ಲ. ತಾಲ್ಲೂಕು ಕಚೇರಿಯ ಮುಂದೆ ಕೂತ ಅರ್ಜಿ ಬರೆಯುವವರಿಗೆ ದುಡ್ಡು ಕೊಡಲಾಗದವರು ಅದರ ಬೆಲೆ ಬಲ್ಲರು. ಆದರೆ ಶಿಬಿರದ ಫೋಟೋ ವರದಿಗೆ ಅಂಟಿದ ಮೇಲೆ ಆ ಅರ್ಜಿ ಏನಾಯಿತೆಂದು ಕೇಳುವವರು ಕಡಿಮೆ. ಸೆಮಿಸ್ಟರ್ ಮುಗಿಯುತ್ತದೆ, ವ್ಯಾಜ್ಯ ಮುಗಿಯುವುದಿಲ್ಲ.

ಹಾಗೆಂದು ಕಲಿಯುವವರ ಕೈಗೆ ಬಡವರ ಮೊಕದ್ದಮೆಯನ್ನು ಸುಮ್ಮನೆ ಒಪ್ಪಿಸಿಬಿಡಬೇಕು ಎನ್ನಲಾರೆ. ಅಭ್ಯಾಸಕ್ಕೆ ಬಡವರೇ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಮೇಲ್ವಿಚಾರಣೆ. ಪಕ್ಕದಲ್ಲಿ ಹೊಣೆ ಹೊರುವ ಮೇಷ್ಟ್ರಿದ್ದು, ವಿದ್ಯಾರ್ಥಿ ತಡವರಿಸಿದಾಗ ಎದ್ದು ನಿಂತು ವಾದಿಸುವ ಹಕ್ಕು ಅವರಿಗಿರಬೇಕು. ಕ್ಲಿನಿಕ್‌ಗೆ ಸೀಮಿತವಾಗಿಯಾದರೂ ಆ ಹಕ್ಕು ಕೊಡದೆ ಇನ್ನೆಷ್ಟು ಪತ್ರಿಕೆಗಳನ್ನು ಕಡ್ಡಾಯ ಮಾಡಿದರೂ, ನಮ್ಮ ವಿದ್ಯಾರ್ಥಿಗಳು ಈಜನ್ನು ದಡದಲ್ಲಿ ನಿಂತೇ ಕಲಿಯುತ್ತಿರುತ್ತಾರೆ. ನೀರಿನಲ್ಲಿರುವವರು ಮಾತ್ರ ಕೈ ಚಾಚಿಕೊಂಡೇ ಇರುತ್ತಾರೆ.