ದೇವರ ಮೀನು, ಸರಕಾರದ ಕಾಯಿದೆ

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಬದಿಗೇ ಹರಿಯುವ ಕಪಿಲಾ ಹೊಳೆಯ ಮಹಶೀರ್ ಮೀನುಗಳಿಗೆ ಯಾರೂ ಬಲೆ ಬೀಸುವಂತಿಲ್ಲ. ಅವು ದೇವರ ಮೀನುಗಳು. ಈ ಕಟ್ಟಳೆಯನ್ನು ಬರಿಯ ಭಕ್ತಿಯೆಂದು ಬದಿಗೆ ಸರಿಸುವುದು ಸುಲಭ. ಆದರೆ ಹೊಳೆಯ ವರ್ಷಾವರ್ತವನ್ನು ನೋಡಿದರೆ ಇದರ ಪ್ರಯೋಜನ ಭಕ್ತಿಯನ್ನು ಮೀರಿದ್ದೆಂದು ತಿಳಿಯುತ್ತದೆ. ಮಹಶೀರಿಗೆ ಬೇಕಾದದ್ದು ಕಲ್ಲುಗಳ ನಡುವೆ ಹರಿಯುವ ತಂಪಾದ ತಿಳಿನೀರು. ಮಳೆಗಾಲದ ನೆರೆಯಲ್ಲಿ ಅದು ಮೊಟ್ಟೆಯಿಡಲು ಮೇಲಕ್ಕೆ ಏರುತ್ತದೆ. ಬೇಸಗೆಯಲ್ಲಿ ಹರಿವು ಸೊರಗಿದಾಗ, ಹೊಳೆಯುದ್ದಕ್ಕೂ ಚದುರಿದ್ದ ದೊಡ್ಡ ಮೀನುಗಳೆಲ್ಲ ಆಳವಾದ ಕೆಲವೇ ಕಯಗಳಲ್ಲಿ, ಅಂದರೆ ಮಡುಗಳಲ್ಲಿ, ಬಂದು ಸೇರುತ್ತವೆ. ಆಗ ಒಂದು ಕಯಕ್ಕೆ ವಿಷದ ಕಾಯಿ ಅರೆದು ಹಾಕಿದರೂ ಸಾಕು, ಮುಂದಿನ ಮಳೆಗೆ ಮೊಟ್ಟೆಯಿಡಬೇಕಾದ ತಾಯಿಮೀನುಗಳೇ ಇಲ್ಲವಾಗುತ್ತವೆ. ಅಂಥ ಒಂದು ಕಯವನ್ನು ದೇವರಿಗೆ ಬಿಟ್ಟರೆ ಉಳಿಯುವುದು ಇಡೀ ಹೊಳೆಯ ಬೀಜ.

ಇದೇ ಅಪಾಯವನ್ನು ಸರಕಾರ ಕಾಗದದ ಮೇಲೆ ಗುರುತಿಸಿದ್ದು ಬಹಳ ತಡವಾಗಿ. ದಕ್ಷಿಣ ಕನ್ನಡದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1870ರಲ್ಲಿ ಈ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದ. 1873ರಲ್ಲಿ ಗಾಳದ ಮೀನುಬೇಟೆಯ ಕುರಿತ ಅವನ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ ಮಂಗಳೂರಿನಲ್ಲೇ ಅಚ್ಚಾಯಿತು. ಅದೇ ಕಾಲಕ್ಕೆ ಮೀನುತಜ್ಞ ಫ್ರಾನ್ಸಿಸ್ ಡೇ ನಮ್ಮ ಹೊಳೆಗಳ ಮೀನುಗಳನ್ನು ವರ್ಗೀಕರಿಸುತ್ತಿದ್ದ. 1874ರಲ್ಲಿ ಅವನು ದಕ್ಷಿಣ ಕನ್ನಡದ ಒಂದು ಕೆಂಪು ಮೀನಿಗೆ ಥಾಮಸನ ಹೆಸರನ್ನೇ ಇಟ್ಟ. ಇಂದಿನ ಪಟ್ಟಿಗಳಲ್ಲಿ ಅದು ಹಿಪ್ಸೆಲೊಬಾರ್ಬಸ್ ಥಾಮಸ್ಸಿ, ಅಳಿವಿನ ಅಂಚಿಗೆ ಬಂದಿರುವ ಜೀವಿ. ಗಾಳದ ಮೋಜಿಗಾಗಿ ದೊರೆಗಳು ಮೀನಿನ ಚಿಂತೆ ಮಾಡಿದರು ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೂ ಥಾಮಸನಿಗೆ ಮೀನು ಜನರ ಆಹಾರವೂ ಆಗಿತ್ತು, ಮರಿಗಳ ನಾಶ ಅವನನ್ನು ಕಾಡಿದ್ದು ಅದಕ್ಕಾಗಿಯೇ. ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಸಿಡಿಸುವುದನ್ನೂ ಅಪರಾಧವೆಂದು ಸಾರಿದ ಭಾರತೀಯ ಮೀನುಗಾರಿಕೆ ಕಾಯಿದೆ ಬಂದದ್ದು 1897ರಲ್ಲಿ, ಅವನ ವರದಿಯಾಗಿ 27 ವರ್ಷಗಳ ಮೇಲೆ.

ಕಾಯಿದೆ ಬಂದ ಮೇಲೆ ದೇವರ ಕಾವಲು ಏಕೆ ಎಂದು ಕೇಳಬಹುದು. ಕಾಯಿದೆಗೆ ಪ್ರತಿ ಕಯದ ದಡದಲ್ಲೂ ಕಣ್ಣಿಲ್ಲ. ಮೀನಿಗೆ ಅಕ್ಕಿ, ಮಂಡಕ್ಕಿ ಹಾಕಲು ದಿನವೂ ಜನ ಬರುವ ಕಡೆ ಕಳ್ಳತನ ಕಷ್ಟ. ಹಾಗೆಂದು ಭಕ್ತಿಯೊಂದೇ ಸಾಕೆನ್ನುವುದೂ ತಪ್ಪು. 1996ರಲ್ಲಿ ಶಿಶಿಲದಲ್ಲೇ ಕಿಡಿಗೇಡಿಗಳು ವಿಷವಿಕ್ಕಿ ಸಾವಿರಾರು ಮೀನುಗಳನ್ನು ಕೊಂದರು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ಭಯಭಕ್ತಿಯಿಲ್ಲದವನನ್ನು ತಡೆಯಲು ಶಿಕ್ಷೆಯ ಹೆದರಿಕೆಯೇ ಬೇಕು. ಇನ್ನೊಂದು ಮಿತಿ ಇದಕ್ಕಿಂತ ಗಂಭೀರ. ದೇವಸ್ಥಾನ ಕಾಯುವುದು ತನ್ನ ಮುಂದಿನ ನೀರನ್ನು, ಮೀನು ಬಾಳುವುದು ಇಡೀ ಹೊಳೆಯಲ್ಲಿ. ಕೆಳಗೆ ಬಂಟ್ವಾಳದ ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗಾಗಿ, ಕಪಿಲೆಯ ನೀರು ಹೋಗಿ ಸೇರುವ ನೇತ್ರಾವತಿಗೆ ಕಿಂಡಿ ಅಣೆಕಟ್ಟು ಕಟ್ಟಲಾಗಿದೆ. ವಿಷ, ಸಿಡಿಮದ್ದುಗಳನ್ನು ನಿಷೇಧಿಸಿದ ಆ ಹಳೆಯ ಕಾಯಿದೆ, ಬೇಸಗೆಯಲ್ಲಿ ಕಯದಲ್ಲಿ ಎಷ್ಟು ನೀರು ಉಳಿಯಬೇಕು ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ.