ರಕ್ತಸ್ರಾವದ ಅಪಾಯವಿರುವವರ ಡಯಾಲಿಸಿಸ್‌ನಲ್ಲಿ ಹೆಪ್ಪುಗಟ್ಟುವಿಕೆಯ ತಡೆ

ಡಯಾಲಿಸಿಸ್ ಯಂತ್ರದ ಕೊಳವೆ, ಫಿಲ್ಟರುಗಳನ್ನು ಹಾಯುವಾಗ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಅದನ್ನು ತಡೆಯಲು ಸಾಮಾನ್ಯವಾಗಿ ಕೊಡುವ ಹೆಪಾರಿನ್ ಇಡೀ ದೇಹದಲ್ಲೇ ಹೆಪ್ಪುಗಟ್ಟುವ ಶಕ್ತಿಯನ್ನು ಕುಗ್ಗಿಸುವುದರಿಂದ, ಆಗಷ್ಟೇ ಶಸ್ತ್ರಚಿಕಿತ್ಸೆಯಾದವರಿಗೆ, ಮೆದುಳಿನಲ್ಲೋ ಜಠರದಲ್ಲೋ ರಕ್ತ ಸೋರುತ್ತಿರುವವರಿಗೆ ಪ್ರಾಣಾಪಾಯ ಒಡ್ಡಬಹುದು. ಹೆಪಾರಿನ್ ಬಿಟ್ಟು 15–30 ನಿಮಿಷಕ್ಕೊಮ್ಮೆ 100–200 ಮಿ.ಲೀ. ಸಲೈನ್ ಹರಿಸುವುದು ಸರಳ ದಾರಿ. ಆದರೆ ಫಿಲ್ಟರ್ ಕಟ್ಟಿಕೊಂಡರೆ ಅದರೊಳಗಿನ ರಕ್ತವೂ ಹೋಗುತ್ತದೆ, ಮೊದಲೇ ರಕ್ತಹೀನತೆಯಿರುವ ರೋಗಿಗೆ ಅದು ಸಣ್ಣ ನಷ್ಟವಲ್ಲ. ಆದ್ದರಿಂದ 1961ರಲ್ಲೇ ವರದಿಯಾದ ಸಿಟ್ರೇಟ್ ವಿಧಾನವೇ ಹೆಚ್ಚು ಸಮಂಜಸ: ಸಿಟ್ರೇಟ್ ಯಂತ್ರದೊಳಗಷ್ಟೇ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಟ್ಟು ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ರಕ್ತ ದೇಹಕ್ಕೆ ಮರಳುವಾಗ ಕ್ಯಾಲ್ಸಿಯಂ ತುಂಬಿಕೊಡಲಾಗುತ್ತದೆ. ಕ್ಯಾಲ್ಸಿಯಂ ಕುಸಿದು ಹೃದಯದ ಲಯ ತಪ್ಪೀತು, ಯಕೃತ್ತು ಸೋತವರಲ್ಲಿ ಸಿಟ್ರೇಟ್ ಶೇಖರವಾದೀತು ಎಂಬ ಆಕ್ಷೇಪಗಳು ನಿಜವೇ. ಆದರೆ ಅವು ಪದೇ ಪದೇ ರಕ್ತಪರೀಕ್ಷೆ ಮಾಡಲು ಕಾರಣವೇ ಹೊರತು ವಿಧಾನವನ್ನೇ ಕೈಬಿಡಲು ಅಲ್ಲ. ಆ ಪರೀಕ್ಷೆಯ ಸೌಲಭ್ಯವಿಲ್ಲದ ಕೇಂದ್ರದಲ್ಲಿ ಮಾತ್ರ ಸಲೈನ್ ದಾರಿಯೇ ಸುರಕ್ಷಿತ.